ಅರ್ಧ ನೀರಿನ ಸಾಲು

ಜುಲೈ. ತಳೇಗಾಂವದ ಬದಿಗೆ ಇಂದ್ರಾಯಣಿ ಕೆಂಪಾಗಿ ಹೊರಳುತ್ತದೆ.
ಲೋನಾವಳೆ ಕಡೆಯ ಮೋಡ ರಾತ್ರಿಯೆಲ್ಲ
ಪಾಲಿಹೌಸಿನ ಪ್ಲಾಸ್ಟಿಕ್ ನೆತ್ತಿಯ ಮೇಲೆ ಅವಲಕ್ಕಿ ಕುಟ್ಟುತ್ತದೆ.
ಒಳಗೆ ನಾನು ನೀರು ಕಡಿತ ಮಾಡುತ್ತೇನೆ.
ಸಂಬಳ ಅದಕ್ಕೇ.

ಮೂರು ಹೈಬ್ರಿಡ್ಡು. ಹೆಸರಿಟ್ಟಿಲ್ಲ ಇನ್ನೂ,
ನಾಲ್ಕು, ಒಂಬತ್ತು, ಹನ್ನೊಂದು ಎಂದೇ ಕರೆಯುತ್ತೇವೆ.
ಒಂದು ಸಾಲಿಗೆ ಪೂರಾ ನೀರು, ಒಂದಕ್ಕೆ ಮುಕ್ಕಾಲು, ಒಂದಕ್ಕೆ ಅರ್ಧ.
ತೆಂಗಿನ ನಾರಿನ ಚೀಲವನ್ನು ಬೆಳಿಗ್ಗೆ ತೂಗಿ, ಸಂಜೆ ತೂಗಿ
ಎಲೆಗಳು ಉಸಿರಾಗಿ ಬಿಟ್ಟದ್ದನ್ನು
ಗ್ರಾಮಿನಲ್ಲಿ ಬರೆದಿಡುತ್ತೇನೆ.

ಬಾಯಾರಿಕೆ ಮೊದಲು ಕಣ್ಣಿಗೆ ಕಾಣುವುದಿಲ್ಲ.
ಮುಟ್ಟಬೇಕು. ಎಲೆ ಬಿಸಿ,
ಸಣ್ಣ ಜ್ವರ ಬಂದ ಮಗುವಿನ ಕಿವಿಯ ಹಾಗೆ.
ಲೆಕ್ಕವಿಲ್ಲದ ತನ್ನ ಕಿರುಬಾಯಿಗಳನ್ನೆಲ್ಲ ಮುಚ್ಚಿಕೊಂಡು
ಬೆವರು ಬಿಡದೆ ಕೂತಿರುತ್ತದೆ.
ಆಮೇಲೆ ಕುಡಿ, ದಾರ ಹಿಡಿಯುವುದನ್ನು ಮರೆಯುತ್ತದೆ.
ಆಮೇಲೆ ಕಾಯಿ ನಡುವಿನಲ್ಲಿ ಸೊರಗಿ, ತುದಿ ಬಾಗಿ
ಯಾರನ್ನೋ ಹತ್ತಿರ ಕರೆಯುವ ಬೆರಳಾಗುತ್ತದೆ.

ನಾಲ್ಕು ಬೇಗ ಸೋತಿತು.
ಹನ್ನೊಂದು ಜಾಣ, ಎಲೆ ಚಿಕ್ಕದು ಮಾಡಿಕೊಂಡು ಬೇರಿಗೆ ಖರ್ಚು ಹಾಕಿತು.
ಒಂಬತ್ತು ಮಾತ್ರ ಏನೂ ಆಗಿಲ್ಲವೆಂಬಂತೆ ಹೂ ಬಿಡುತ್ತಲೇ ಹೋಯಿತು,
ಕಡ ತಂದು ತುಪ್ಪ ತಿನ್ನುವವರಂತೆ.

ಇವು ಬರೀ ಹೆಣ್ಣು ಹೂವಿನ ತಳಿ. ಗಂಡು ಹೂ ಬೇಡ, ದುಂಬಿ ಬೇಡ,
ಜೇನು ಬಲೆಯ ಆಚೆಯೇ ಸುತ್ತಿ ಹೋಗುತ್ತದೆ.
ಇಂಡಿ ಕಡೆಯ ನಿಂಬೆವ್ವನಿಗೆ ಇದನ್ನು ತಿಳಿಸಿದ ದಿನ
ಸೆರಗು ಬಾಯಿಗೊತ್ತಿ ನಕ್ಕಳು:
"ಹೆಸರ ಸವತಿಕಾಯಿ. ಗಂಡನ ಇಲ್ಲಂದ್ರ
ಸವತಿ ಯಾರಿಗ್ರೀ?"

ಐದನೆಯ ವಾರ, ಅರ್ಧ ನೀರಿನ ಸಾಲಿನಲ್ಲಿ,
ಹದಿನೇಳನೆಯ ಗಿಡ ಲೆಕ್ಕ ತಪ್ಪಿಸಿತು.
ನೆಟ್ಟಗಿನ ಕಾಯಿ. ತಣ್ಣನೆಯ ಎಲೆ.
ನಳಿಗೆ ಬಿಚ್ಚಿ ನೋಡಿದೆ, ಮೀಟರು ಬಡಿದು ನೋಡಿದೆ,
ಎಲ್ಲ ಸರಿ.
ಖರೆ ಮೇಡಂ, ಅವರ ಅಡ್ಡಹೆಸರೇ ಖರೆ,
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನಿಂತರು.
ಕುಡಿ ಕತ್ತರಿಸಿ ಬೇರೆ ಬೆಳೆಸೋಣ ಎಂದರು,
ದನಿ ಸ್ವಲ್ಪ ನಡುಗಿತು.

ಊಟದ ಹೊತ್ತಿಗೆ, ಮರೆತ ಪೆನ್ನಿಗೆಂದು ಮರಳಿದವನು ಕಂಡೆ:
ನಿಂಬೆವ್ವ ತನ್ನ ಬಾಟಲಿಯ ತಳದ ನೀರನ್ನು
ಹದಿನೇಳರ ಬುಡಕ್ಕೆ ಬಿಡುತ್ತಿದ್ದಾಳೆ,
ಒಳಲೆಯಲ್ಲಿ ಕೂಸಿಗೆ ಹಾಲು ಹಾಕುವಷ್ಟೇ ನಿಧಾನ.
ನನ್ನ ಕಂಡೂ ಕೈ ಹಿಂದೆಗೆಯಲಿಲ್ಲ.

"ಹೊರಗ ಇಷ್ಟ ಮಳಿ ಸುರೀತೈತಿ. ಇದಕ್ಕ ಕೇಳಸ್ತೈತಿ,
ಕುಡ್ಯಾಕ ಸಿಗಂಗಿಲ್ಲ.
ಎಲ್ಲಾದಕ್ಕೂ ಹಾಕಾಕ ನನ್ನ ಕಡೆ ಎಲ್ಲೈತಿ?
ಒಂದಕ್ಕರ ಇರಲಿ."

ಇದೇ ಯಾಕೆ, ಹದಿನೇಳೇ ಯಾಕೆ, ಎಂದೆ.

"ನಾ ಬುತ್ತಿ ಬಿಚ್ಚೂ ಜಾಗಕ್ಕ ಹತ್ತರ ಐತಿ."

ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಬರೆದೆ:
ಹದಿನೇಳು ಲೆಕ್ಕಕ್ಕಿಲ್ಲ. ಕೈನೀರು ಬಿದ್ದಿದೆ.
ಯಾರ ಕೈ ಎಂದು ಬರೆಯಲಿಲ್ಲ, ಕಾಲಮ್ಮು ಕಿರಿದು.
ಮೇಡಂ ಓದಿದರು. ನೆಟ್ಟ ಕುಡಿಗಳನ್ನು ತಾವೇ ಕಿತ್ತರು.
ಯಾರದೆಂದು ಕೇಳಲಿಲ್ಲ.
ಹೋಗುವಾಗ ಬಾಗಿಲಲ್ಲಿ ನಿಂತು, "ಹದಿನಾರನ್ನು ನೋಡಿದೆಯಾ?"

ಹದಿನಾರು, ಪಕ್ಕದ್ದು, ಬಾಟಲಿಯಿಂದ ಒಂದು ಮೊಳ ದೂರದ್ದು.
ನಾಲ್ಕನೆಯ ಗೆಣ್ಣಿನಲ್ಲಿ ಹಳದಿಯೊಂದು ಹೂ,
ಸಣಕಲು ತೊಟ್ಟು, ಬೆನ್ನಿಗೆ ಹೀಚಿಲ್ಲ.
ಗಂಡು ಹೂ.
ತೀರಾ ಬಾಯಾರಿದರೆ ಹೀಗಾಗುವುದುಂಟಂತೆ.

ನಿಂಬೆವ್ವ ಬಗ್ಗಿ ನೋಡಿದಳು. ಈ ಸಲ ನಗಲಿಲ್ಲ.
"ನೀರ ತೀರಿದ ಮ್ಯಾಲ ಬಂದಾನ," ಅಂದಳು.
ಅದೇ ಗಿಡದ ಡೊಂಕು ಕಾಯೊಂದನ್ನು ಕೊಯ್ದು
ತೊಟ್ಟು ಕತ್ತರಿಸಿ, ತುಂಡಿಗೆ ತುಂಡು ತಿಕ್ಕಿದಳು.
ಬಿಳಿ ನೊರೆ ಬಂತು. ಒರೆಸಿ, ಮತ್ತೆ ತಿಕ್ಕಿ,
ಅರ್ಧ ನನಗೆ ಕೊಟ್ಟಳು.

ಕಹಿ ಹೋಗಿರಲಿಲ್ಲ.
ಇಬ್ಬರೂ ಉಗುಳಲಿಲ್ಲ.
ಮೂರು ಗಂಟೆಗೆ ವಾಲ್ವಿನ ಹತ್ತಿರ ಹೋಗಿ
ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಿದೆ.